ಹದ ತಪ್ಪಿದ ಮೇಲೆ ಬಂದ ಉತ್ತರ

ನಾಯಕನೊಬ್ಬನ ಮೇಲೆ ಜನರಿಗಿರುವ ಅಭಿಮಾನವೂ ಸಂಸ್ಥೆಯೊಂದರ ಮೇಲೆ ಅವರಿಗಿರುವ ವಿಶ್ವಾಸವೂ ಒಂದೇ ಎಂದು ತಿಳಿಯುವುದು ನಮ್ಮ ರಾಜಕೀಯ ಚರ್ಚೆಗಳ ಹಳೆಯ ರೂಢಿ. ಅಭಿಮಾನ ವ್ಯಕ್ತಿಯನ್ನು ಹಿಡಿದು ಬರುತ್ತದೆ. ಜಾತಿ, ಊರು, ಮಾತಿನ ಬೆಡಗು, ಮದುವೆ ಮುಂಜಿಗೆ ಬಂದು ಹೋಗುವ ಬಳಕೆ ಇವೆಲ್ಲ ಅದನ್ನು ಬೆಳೆಸುತ್ತವೆ. ವಿಶ್ವಾಸವಾದರೋ, ಕುರ್ಚಿಯಲ್ಲಿ ಯಾರೇ ಕುಳಿತಿದ್ದರೂ ಕೊಟ್ಟ ಅರ್ಜಿಗೆ ಉತ್ತರ ಬಂದೇ ಬರುತ್ತದೆ, ಆ ಉತ್ತರಕ್ಕೊಂದು ಕಾರಣವಿರುತ್ತದೆ, ಮತ್ತು ಅದು ಉಪಯೋಗಕ್ಕೆ ಬರುವ ಹೊತ್ತಿನಲ್ಲೇ ಕೈಸೇರುತ್ತದೆ ಎಂಬ ನಿರೀಕ್ಷೆಯಿಂದ ಹುಟ್ಟುವಂಥದ್ದು. ಉತ್ತರ ಮತ್ತು ಕಾರಣಗಳ ಬಗ್ಗೆ ಕಾನೂನು ಪಂಡಿತರು ಸಾಕಷ್ಟು ಬರೆದಿದ್ದಾರೆ. ಹೊತ್ತಿನ ಬಗ್ಗೆ ಬರೆದದ್ದು ಕಡಿಮೆ. ಹಾವೇರಿ ಜಿಲ್ಲೆಯ ಈಚಿನ ಚರಿತ್ರೆಯನ್ನು ಗಮನಿಸಿದರೆ, ಇಲ್ಲಿ ಸಂಸ್ಥೆಗಳ ಮೇಲಿನ ನಂಬಿಕೆ ಕುಸಿದ ಕಡೆಗಳಲ್ಲೆಲ್ಲ ಕಾಣುವುದು ಈ ಹೊತ್ತಿನ ಪ್ರಶ್ನೆಯೇ.

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಪಟ್ಟಣಗಳು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಮೇಲೆ ಒಂದರ ಹಿಂದೊಂದು ಬರುತ್ತವೆ. ಹಾವೇರಿಯಲ್ಲಿ ಜಿಲ್ಲಾಡಳಿತವಿದೆ, ಬ್ಯಾಡಗಿಯಲ್ಲಿ ದೇಶವಿಖ್ಯಾತ ಮೆಣಸಿನಕಾಯಿ ಮಾರುಕಟ್ಟೆಯಿದೆ, ರಾಣೆಬೆನ್ನೂರು ಬೀಜೋತ್ಪಾದನೆಗೂ ವ್ಯಾಪಾರಕ್ಕೂ ಹೆಸರಾದ ಊರು. ಮೂರೂ ಕಡೆ ಬದುಕು ಮಳೆ, ಬಿತ್ತನೆ, ಸುಗ್ಗಿಗಳ ಲೆಕ್ಕದಲ್ಲಿ ಸಾಗುತ್ತದೆ. ಕಚೇರಿಗಳಲ್ಲಿ ಮಾತ್ರ ಬೇರೆಯದೇ ಲೆಕ್ಕ.

ಈ ಸೀಮೆಯಲ್ಲಿ ಸರ್ಕಾರಕ್ಕೂ ಜನರಿಗೂ ಮುಖಾಮುಖಿ ಆದದ್ದು ಹೊಸದೇನಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣದ ಮೇಲೆ ದಾಳಿ ಮಾಡುವಾಗ ಪೊಲೀಸರ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಸುನೀಗಿದರು. ಅಂದಿನ ಆಡಳಿತ ಯಾರಿಗೂ ಉತ್ತರ ಕೊಡಬೇಕಾದ ಆಡಳಿತವಾಗಿರಲಿಲ್ಲ, ಉತ್ತರ ಕೊಡುತ್ತದೆ ಎಂದು ಜನರೂ ಎಣಿಸಿರಲಿಲ್ಲ. ಸ್ವಾತಂತ್ರ್ಯಾನಂತರದ ಗೋಲಿಬಾರುಗಳು ಹೆಚ್ಚು ನೋಯಿಸುವುದು ಈ ಕಾರಣಕ್ಕೇ: ಅಲ್ಲಿ ಗುಂಡು ಹಾರಿಸಿದ್ದು ಜನರು ತಾವೇ ಮತ ಹಾಕಿ ಕೂರಿಸಿದ ಸರ್ಕಾರ. 1980ರ ಜುಲೈ 21ರಂದು ಆಗಿನ ಅವಿಭಜಿತ ಧಾರವಾಡ ಜಿಲ್ಲೆಯ ನರಗುಂದ, ನವಲಗುಂದಗಳಲ್ಲಿ, ನೀರಾವರಿಯಿಂದ ಜಮೀನಿನ ಬೆಲೆ ಏರಿದೆ ಎಂದು ವಿಧಿಸಲಾಗುತ್ತಿದ್ದ ಅಭಿವೃದ್ಧಿ ಕರದ ವಿರುದ್ಧ ರೈತರು ಬೀದಿಗಿಳಿದಾಗ ಗೋಲಿಬಾರ್ ನಡೆಯಿತು. ಅದರ ಬೆನ್ನಿಗೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು, 1983ರಲ್ಲಿ ಗುಂಡೂರಾವ್ ಸರ್ಕಾರ ಹೋಯಿತು. ಜಮೀನಿಗೆ ಇನ್ನೂ ಸರಿಯಾಗಿ ತಲುಪದ ನೀರಿಗೆ ಕರ ಕೇಳಿದರೆಂಬುದು ಅಂದಿನ ರೈತರ ಮುಖ್ಯ ದೂರಾಗಿತ್ತು.

ಹಾವೇರಿಯ ಗೋಲಿಬಾರ್ ನಡೆದದ್ದು 2008ರ ಜೂನ್ 10ರಂದು. ಅದಕ್ಕೆ ಹನ್ನೊಂದು ದಿನಗಳ ಹಿಂದೆ, ಮೇ 30ರಂದು, ಬಿ.ಎಸ್. ಯಡಿಯೂರಪ್ಪನವರು ದೇವರ ಜೊತೆಗೆ ರೈತರ ಹೆಸರನ್ನೂ ಹೇಳಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಗೊಬ್ಬರ ಮತ್ತು ಬೀಜ ಸಿಗುತ್ತಿಲ್ಲವೆಂದು ಹಾವೇರಿಯಲ್ಲಿ ಸೇರಿದ ರೈತರ ಪ್ರತಿಭಟನೆ ಕೈಮೀರಿ, ಪೊಲೀಸರು ಗುಂಡು ಹಾರಿಸಿ, ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಒಬ್ಬರು ಸ್ಥಳದಲ್ಲೇ, ಇನ್ನೊಬ್ಬರು ಗಾಯಗೊಂಡು ಚಿಕಿತ್ಸೆಯಲ್ಲಿದ್ದಾಗ. ರೈತರ ಹೆಸರಿನಲ್ಲಿ ಆರಂಭವಾದ ಆಡಳಿತಕ್ಕೆ ರೈತರ ಸಾವೇ ಮೊದಲ ಕಳಂಕವಾಗಿ ಅಂಟಿಕೊಂಡದ್ದನ್ನು ವಿರೋಧ ಪಕ್ಷಗಳು ಮುಂದೆ ವರ್ಷಗಟ್ಟಲೆ ನೆನಪಿಸುತ್ತಲೇ ಬಂದವು. ರೈತ ಸಂಘಟನೆಗಳು ಜೂನ್ 10ನ್ನು ಹುತಾತ್ಮರ ದಿನವಾಗಿ ಆಚರಿಸತೊಡಗಿದವು.

ಒಂದು ಚೀಲ ಗೊಬ್ಬರಕ್ಕಾಗಿ ಜನ ಇಷ್ಟೊಂದು ಕೆರಳಬೇಕೇ ಎಂದು ಊರ ಹೊರಗಿನವರು ಕೇಳುವುದುಂಟು. ಇದಕ್ಕೆ ಉತ್ತರ ಬೇಸಾಯದ ಕ್ರಮದಲ್ಲೇ ಇದೆ. ರೋಹಿಣಿ ಮಳೆ ನೆಲ ತೋಯಿಸಿ, ಮೃಗಶಿರ ಕಾಲಿಟ್ಟ ಮೇಲೆ ಎರೆ ಹೊಲಕ್ಕೆ ಹದ ಬರುತ್ತದೆ. ಕೂರಿಗೆ ನೆಲಕ್ಕಿಳಿಯುವಷ್ಟು ತೇವ, ಎತ್ತಿನ ಕಾಲು ಹೂಳದಷ್ಟು ಗಟ್ಟಿತನ ಎರಡೂ ಕೂಡಿರುವ ಆ ಸ್ಥಿತಿ ಕೆಲವೇ ದಿನ ಇರುತ್ತದೆ. ರೈತರು ಡಿಎಪಿ ಎಂದು ಕರೆಯುವ ಡೈ ಅಮೋನಿಯಂ ಫಾಸ್ಫೇಟ್ ಗೊಬ್ಬರವನ್ನು ಬಿತ್ತುವಾಗಲೇ ಬೀಜದ ಜೊತೆ ನೆಲದೊಳಕ್ಕೆ ಬಿಡಬೇಕು. ಅದರಲ್ಲಿರುವ ರಂಜಕ ಮಣ್ಣಿನಲ್ಲಿ ತಾನಾಗಿ ಹರಿದಾಡುವುದಿಲ್ಲವಾದ್ದರಿಂದ, ಯೂರಿಯಾದಂತೆ ಅದನ್ನು ಬೆಳೆ ಎದ್ದ ಮೇಲೆ ಚೆಲ್ಲಿ ಸರಿಪಡಿಸಲಾಗದು. ಜೂನ್ 10ಕ್ಕೆ ಸಿಗದ ಡಿಎಪಿ ಜೂನ್ 30ಕ್ಕೆ ಸಿಕ್ಕಿದರೆ ಕಚೇರಿಯ ಕಡತದಲ್ಲಿ ‘ಪೂರೈಸಲಾಗಿದೆ’ ಎಂದು ಬರೆದುಕೊಳ್ಳಬಹುದು, ಹೊಲದಲ್ಲಿ ಅದರ ಬೆಲೆ ಅರ್ಧಕ್ಕಿಂತ ಕಡಿಮೆ.

ಗೊಬ್ಬರದ ಹಂಚಿಕೆಯಾದರೋ ಉದ್ದವಾದ ಸರಪಳಿ. ಯಾವ ರಾಜ್ಯಕ್ಕೆ ಯಾವ ತಿಂಗಳು ಎಷ್ಟು ಎಂದು ಕೇಂದ್ರ ಸರ್ಕಾರದ ರಸಗೊಬ್ಬರ ಇಲಾಖೆ ಗೊತ್ತುಪಡಿಸುತ್ತದೆ, ಕಂಪನಿಗಳು ಬಂದರಿನಿಂದಲೋ ಕಾರ್ಖಾನೆಯಿಂದಲೋ ರೈಲ್ವೆ ರೇಕುಗಳಲ್ಲಿ ಕಳಿಸುತ್ತವೆ, ರಾಜ್ಯದ ಕೃಷಿ ಇಲಾಖೆ ಅದನ್ನು ಜಿಲ್ಲೆಗಳಿಗೆ ಹಂಚುತ್ತದೆ, ಅಲ್ಲಿಂದ ಸಹಕಾರ ಸಂಘಗಳಿಗೂ ಖಾಸಗಿ ಅಂಗಡಿಗಳಿಗೂ ಹೋಗುತ್ತದೆ. ಸರಪಳಿಯ ಯಾವ ಕೊಂಡಿ ಸಡಿಲವಾದರೂ ರೈತನಿಗೆ ಕಾಣುವುದು ಕೊನೆಯ ಕೊಂಡಿ ಮಾತ್ರ: ಬಾಗಿಲು ಹಾಕಿದ ಅಂಗಡಿ, ಅದರ ಮುಂದೆ ನಿಂತ ಪೊಲೀಸ್. ದೆಹಲಿಯ ತಪ್ಪಿಗೂ ಬೆಂಗಳೂರಿನ ತಪ್ಪಿಗೂ ಹಾವೇರಿಯ ಕಾನ್‌ಸ್ಟೇಬಲ್ ಉತ್ತರ ಕೊಡಬೇಕಾಗಿ ಬರುವ ಈ ಏರ್ಪಾಡು, ಅವನ ಕೈಯಲ್ಲಿ ಕೊಡಲು ಗೊಬ್ಬರವಿಲ್ಲದಿದ್ದರೂ ಬಂದೂಕು ಮಾತ್ರ ಇರುವ ಏರ್ಪಾಡು, ಅಂದಿನ ದುರಂತಕ್ಕೆ ಅರ್ಧ ಕಾರಣವೆಂದರೆ ತಪ್ಪಾಗದು.

ಗೋಲಿಬಾರ್ ಆದ ಮೇಲೆ ಸರ್ಕಾರಗಳು ಮಾಡುವ ಮೊದಲ ಕೆಲಸ ಪರಿಹಾರ ಘೋಷಿಸುವುದು, ಎರಡನೆಯದು ತನಿಖೆಗೆ ಆದೇಶಿಸುವುದು. ಹಾವೇರಿಯ ವಿಷಯದಲ್ಲೂ ನ್ಯಾಯಾಂಗ ತನಿಖೆಗೆ ಆದೇಶವಾಯಿತು. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾಗುವ ಇಂಥ ಆಯೋಗ ಸಾಕ್ಷಿಗಳನ್ನು ಕರೆಸಬಲ್ಲದು, ದಾಖಲೆ ತರಿಸಿಕೊಳ್ಳಬಲ್ಲದು, ಆದರೆ ಯಾರಿಗೂ ಶಿಕ್ಷೆ ಕೊಡಲಾರದು. ಅದು ಕೊಡುವುದು ವರದಿಯನ್ನಷ್ಟೆ. ವರದಿ ಕೈಸೇರಿದ ಆರು ತಿಂಗಳೊಳಗೆ, ಕೈಗೊಂಡ ಕ್ರಮದ ವಿವರದೊಂದಿಗೆ ಅದನ್ನು ಶಾಸನಸಭೆಯ ಮುಂದಿಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಆಯೋಗ ವರದಿ ಕೊಡಲು ಎಷ್ಟು ಕಾಲ ತೆಗೆದುಕೊಳ್ಳಬಹುದೆಂಬುದು ಸರ್ಕಾರದ ಆದೇಶಕ್ಕೆ ಬಿಟ್ಟ ವಿಷಯ, ಆ ಅವಧಿಯ ವಿಸ್ತರಣೆಗೆ ಮೇರೆಯಿಲ್ಲ. ಬಹುಪಾಲು ಆಯೋಗಗಳು ಸಿಟ್ಟು ಆರುವವರೆಗೆ ಕಾಯುವ ಉಪಾಯಗಳಾಗಿ ಉಳಿದುಹೋಗುವುದು ಈ ಸಂದಿನಲ್ಲಿಯೇ.

ಹಾವೇರಿಯಿಂದ ಬ್ಯಾಡಗಿಗೆ ಬಂದರೆ ಹೊತ್ತಿನ ಲೆಕ್ಕ ದಿನಗಳಿಂದ ಗಂಟೆಗಳಿಗೆ ಇಳಿಯುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಒಂದು ಸೀಮೆಯ ಹೆಸರನ್ನು ಆ ಸೀಮೆಯ ಉತ್ಪನ್ನಕ್ಕೆ ಮಾತ್ರ ಬಳಸುವ ಕಾನೂನಿನ ರಕ್ಷಣೆ, ಪಡೆದ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಗಿಡ್ಡಗೆ ದುಂಡಗಿರುವ ಡಬ್ಬಿ, ಉದ್ದಕ್ಕೆ ತೆಳ್ಳಗಿರುವ ಕಡ್ಡಿ ಎಂಬ ಎರಡು ಬಗೆಗಳ ಸಿಪ್ಪೆಯ ಕೆಂಪನ್ನು ಓಲಿಯೋರೆಸಿನ್ ಎಂಬ ಎಣ್ಣೆಯ ರೂಪದಲ್ಲಿ ತೆಗೆದು ಆಹಾರಕ್ಕೂ ತುಟಿ ಬಣ್ಣಕ್ಕೂ ಬಳಸುತ್ತಾರೆ. ಹೀಗಾಗಿ ಈ ಮಾರುಕಟ್ಟೆಯಲ್ಲಿ ಕೊಳ್ಳುವವರ ಪೈಕಿ ಅಡುಗೆ ಮಸಾಲೆಯ ಕಂಪನಿಗಳ ಜೊತೆಗೆ ಬಣ್ಣ ತೆಗೆಯುವ ಕಾರ್ಖಾನೆಗಳೂ ಇವೆ. ತರುವವರಾದರೋ ಹಾವೇರಿ, ಧಾರವಾಡ, ಗದಗಿನವರಷ್ಟೇ ಅಲ್ಲ. ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಗಡಿಭಾಗಗಳಿಂದಲೂ ಲಾರಿಗಟ್ಟಲೆ ಮಾಲು ಬರುತ್ತದೆ.

ವ್ಯಾಪಾರ ನಡೆಯುವ ಬಗೆ ಹೀಗೆ. ಚೀಲಗಳು ದಲಾಲಿ ಅಂಗಡಿಯ ಮುಂದೆ ಇಳಿಯುತ್ತವೆ, ಪ್ರತಿಯೊಬ್ಬ ರೈತನ ಮಾಲಿಗೆ ಒಂದು ಲಾಟ್ ಸಂಖ್ಯೆ ಬೀಳುತ್ತದೆ. ಖರೀದಿದಾರರು ಸಾಲು ಹಿಡಿದು ಬಂದು ಚೀಲದಿಂದ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಸುಕ್ಕು ನೋಡಿ, ಒಂದೆರಡನ್ನು ಮುರಿದು ತೇವ ಎಷ್ಟಿದೆಯೆಂದು ಅಂದಾಜು ಮಾಡಿ ಮುಂದೆ ಹೋಗುತ್ತಾರೆ. ಅವರು ತಮ್ಮ ದರವನ್ನು ಗಣಕಯಂತ್ರದಲ್ಲಿ ಗುಟ್ಟಾಗಿ ನಮೂದಿಸುವ ಪದ್ಧತಿಗೆ ಇ-ಟೆಂಡರ್ ಎನ್ನುತ್ತಾರೆ. ನಿಗದಿತ ಹೊತ್ತಿಗೆ ಟೆಂಡರ್ ತೆರೆದು, ಪ್ರತಿ ಲಾಟಿಗೆ ಹೆಚ್ಚು ದರ ಬರೆದವನ ಹೆಸರು ಪ್ರಕಟವಾಗುತ್ತದೆ. ದಲಾಲರೂ ವರ್ತಕರೂ ಕೈ ಮೇಲೆ ಬಟ್ಟೆ ಮುಚ್ಚಿ ಬೆರಳಿನಲ್ಲಿ ದರ ಕುದುರಿಸುತ್ತಿದ್ದ ಹಳೆಯ ಕಾಲದ ಪೇಟೆಗಳಿಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆಯೇ. ಬಂದ ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡದೆ ಉಳಿಸಿಕೊಳ್ಳುವ ಹಕ್ಕೂ ರೈತನಿಗೆ ಉಂಟು.

ಈ ಹಕ್ಕು ಕಾಗದದ ಮೇಲೆ ಎಷ್ಟು ದೊಡ್ಡದೋ ಮಾರುಕಟ್ಟೆಯ ಅಂಗಳದಲ್ಲಿ ಅಷ್ಟು ಸಣ್ಣದು. ನೂರಾರು ಕಿಲೋಮೀಟರ್ ದೂರದಿಂದ ಲಾರಿ ಬಾಡಿಗೆ ಕೊಟ್ಟು ಬಂದವನು ಮಾಲನ್ನು ವಾಪಸ್ ಒಯ್ಯಲು ಮತ್ತೊಂದು ಬಾಡಿಗೆ ಕೊಡಬೇಕು. ಶೀತಲಗೃಹದಲ್ಲಿಟ್ಟರೆ ಅದಕ್ಕೂ ಬಾಡಿಗೆ. ಸಾಲ ಕೊಟ್ಟವನು ಬಡ್ಡಿ ನಿಲ್ಲಿಸುವುದಿಲ್ಲ. ಎಷ್ಟೋ ಸಲ ಸಾಲ ಕೊಟ್ಟವನೂ ದಲಾಲನೂ ಒಬ್ಬನೇ ಆಗಿರುತ್ತಾನೆ. ಹಿಂದಿನ ವರ್ಷ ಒಳ್ಳೆಯ ದರ ಕಂಡಿದ್ದರಿಂದ ಬಿತ್ತನೆ ಹೆಚ್ಚಾಗಿ, 2024ರ ಮಾರ್ಚ್ ಹೊತ್ತಿಗೆ ಬ್ಯಾಡಗಿಗೆ ಆವಕ ಏರಿತು. ಮಾರ್ಚ್ 11ರ ಸೋಮವಾರ ಟೆಂಡರ್ ದರ ಹಿಂದಿನ ವಾರಗಳಿಗಿಂತ ಕ್ವಿಂಟಲ್‌ಗೆ ಸಾವಿರಗಟ್ಟಲೆ ರೂಪಾಯಿ ಇಳಿದಾಗ ರೈತರು ರೊಚ್ಚಿಗೆದ್ದರು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ಬಿತ್ತು, ಬೆಂಕಿ ಬಿತ್ತು, ವಾಹನಗಳು ಸುಟ್ಟವು, ಬೆಂಕಿ ಆರಿಸಲು ಬಂದ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಪೊಲೀಸರಿಗೆ ಗಾಯಗಳಾದವು, ಹಲವರ ಮೇಲೆ ಪ್ರಕರಣ ದಾಖಲಾಗಿ ಬಂಧನಗಳೂ ನಡೆದವು. ಮುಂದಿನ ಐದು ದಿನಗಳಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಗೆ ಬಂತು.

ಹಿಂಸೆಯನ್ನು ಯಾವ ಕಾರಣಕ್ಕೂ ಸಮರ್ಥಿಸಲಾಗದು. ಸುಟ್ಟ ವಾಹನಗಳ ಮಾಲೀಕರಿಗೂ ಏಟು ತಿಂದ ಪೊಲೀಸರಿಗೂ ಮೆಣಸಿನಕಾಯಿ ದರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ದರ ಇಳಿದದ್ದೊಂದನ್ನೇ ಕಾರಣವಾಗಿ ನೋಡಿದರೆ ಅರ್ಧ ಸತ್ಯ ಕೈತಪ್ಪುತ್ತದೆ, ಏಕೆಂದರೆ ದರದ ಏರಿಳಿತ ಬ್ಯಾಡಗಿಗೆ ಬರುವ ರೈತನಿಗೆ ಹೊಸದಲ್ಲ. ಆವಕ ಹೆಚ್ಚಾದ್ದರಿಂದ ದರ ಬಿತ್ತೋ, ಮಾಲಿನಲ್ಲಿ ತೇವ ಹೆಚ್ಚಿತ್ತೋ, ಖರೀದಿದಾರರು ಒಳಗೊಳಗೇ ಮಾತಾಡಿಕೊಂಡರೋ ಎಂಬ ಮೂರು ಊಹೆಗಳಲ್ಲಿ ಯಾವುದು ನಿಜವೆಂದು ಹೇಳಬಲ್ಲ ಅಧಿಕಾರವಾಣಿ ಆ ಮಧ್ಯಾಹ್ನ ಅಂಗಳದಲ್ಲಿ ಇರಲಿಲ್ಲ. ಟೆಂಡರ್ ಪರದೆ ಅಂಕಿಯನ್ನು ತೋರಿಸುತ್ತದೆ, ಕಾರಣವನ್ನು ತೋರಿಸುವುದಿಲ್ಲ. ಆ ಕೆಲಸ ಮಾಡಬೇಕಾದ್ದು ಮಾರುಕಟ್ಟೆ ಸಮಿತಿ. 1966ರ ಕಾಯ್ದೆಯಡಿ ರೈತರು ಮತ್ತು ವರ್ತಕರ ಚುನಾಯಿತ ಪ್ರತಿನಿಧಿಗಳಿಂದ ನಡೆಯಬೇಕಾದ ಈ ಸಮಿತಿಗಳು ಎರಡು ಪಕ್ಷಗಳ ನಡುವೆ ಪಂಚಾಯ್ತಿ ಮಾಡಲೆಂದೇ ಹುಟ್ಟಿದವು. ಅವುಗಳ ಅಧಿಕಾರವನ್ನು 2020ರಲ್ಲಿ ಒಂದು ಸರ್ಕಾರ ಪ್ರಾಂಗಣದ ಒಳಕ್ಕಷ್ಟೇ ಸೀಮಿತಗೊಳಿಸಿತು, 2023ರಲ್ಲಿ ಬಂದ ಇನ್ನೊಂದು ಸರ್ಕಾರ ಅದನ್ನು ಮತ್ತೆ ಹಿಂದಿನಂತೆ ಮಾಡಲು ಹೊರಟಿತು. ಸಮಿತಿ ಸಂಜೆಯೊಳಗೆ ಉತ್ತರ ಕೊಡುವಂತಾಗಲು ಏನು ಬೇಕು ಎಂಬ ಪ್ರಶ್ನೆ ಮಾತ್ರ ಈ ಎರಡೂ ತಿದ್ದುಪಡಿಗಳ ಚರ್ಚೆಯಲ್ಲಿ ಮೇಲೆ ಬರಲಿಲ್ಲ.

ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಮೆಣಸಿನಕಾಯಿ ಇಲ್ಲ. ಇದ್ದರೆ ಸಾಕಿತ್ತೇ ಎಂದರೆ, ಜಿಲ್ಲೆಯ ದೊಡ್ಡ ಬೆಳೆಯಾದ ಮೆಕ್ಕೆಜೋಳವನ್ನು ನೋಡಬೇಕು: 2025–26ರ ಹಂಗಾಮಿಗೆ ಅದಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ, ಒಕ್ಕಣೆ ಮುಗಿದು ಮಾಲು ಮಾರುಕಟ್ಟೆಗೆ ಬಂದಾಗ ಪೇಟೆಯ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು, ಖರೀದಿ ಕೇಂದ್ರ ತೆರೆಯಿರೆಂದು ರೈತರು ಧರಣಿ ಕೂರಬೇಕಾಯಿತು. ಘೋಷಣೆ ಮುಂಗಾರಿನಲ್ಲಿ, ಖರೀದಿಯ ಮಾತು ಸುಗ್ಗಿ ಕಳೆಯುವ ಹೊತ್ತಿಗೆ.

ರಾಣೆಬೆನ್ನೂರಿನ ಕಥೆ ಹೊಲದ್ದಲ್ಲ, ಮತಪೆಟ್ಟಿಗೆಯದ್ದು. ಆದರೂ ಅದನ್ನು ಬಿಡಿಸಿ ನೋಡಿದರೆ ಅಲ್ಲೂ ಹೊತ್ತಿನದೇ ತಕರಾರು. 2018ರ ವಿಧಾನಸಭಾ ಚುನಾವಣೆಯಲ್ಲಿ ಈ ಕ್ಷೇತ್ರದಿಂದ ಗೆದ್ದವರು ಆರ್. ಶಂಕರ್, ಅವರ ಪಕ್ಷ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ. ನಟ ಉಪೇಂದ್ರ ಅವರ ಹೆಸರಿನೊಂದಿಗೆ 2017ರಲ್ಲಿ ಸುದ್ದಿಯಾದ ಈ ಪಕ್ಷ, ಚುನಾವಣೆಗೆ ಮೊದಲೇ ಅವರು ಹೊರನಡೆದ ಮೇಲೂ ಉಳಿದುಕೊಂಡು, ಇಡೀ ರಾಜ್ಯದಲ್ಲಿ ಗೆದ್ದದ್ದು ಈ ಒಂದೇ ಸ್ಥಾನವನ್ನು. ಸೋತವರು ಕಾಂಗ್ರೆಸ್ಸಿನ ಕೆ.ಬಿ. ಕೋಳಿವಾಡ, ಅಲ್ಲಿಯವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಯಾರಿಗೂ ಬಹುಮತ ಬಾರದ ಸದನದಲ್ಲಿ ಒಬ್ಬೊಬ್ಬ ಶಾಸಕನಿಗೂ ಬೆಲೆ ಬಂತು. ಶಂಕರ್ ಫಲಿತಾಂಶ ಬಂದ ಕೂಡಲೇ ಬಿಜೆಪಿಯತ್ತ ವಾಲಿ, ಮತ್ತೆ ಕಾಂಗ್ರೆಸ್–ಜೆಡಿಎಸ್ ಕಡೆಗೆ ಬಂದು, ಎಚ್.ಡಿ. ಕುಮಾರಸ್ವಾಮಿಯವರ ಸಂಪುಟದಲ್ಲಿ ಅರಣ್ಯ ಸಚಿವರಾದರು. 2018ರ ಡಿಸೆಂಬರ್‌ನಲ್ಲಿ ಸಂಪುಟದಿಂದ ಹೊರಬಿದ್ದರು. 2019ರ ಜನವರಿಯಲ್ಲಿ ಬೆಂಬಲ ಹಿಂತೆಗೆದರು. ಜೂನ್‌ನಲ್ಲಿ ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿದ್ದಾಗಿ ಹೇಳಿ ಮತ್ತೆ ಸಚಿವರಾದರು. ಜುಲೈನಲ್ಲಿ ಅದನ್ನೂ ಬಿಟ್ಟರು. ಹದಿನಾಲ್ಕು ತಿಂಗಳಲ್ಲಿ ನಡೆದ ಈ ಓಡಾಟದ ಒಂದು ಹಂತದಲ್ಲಾದರೂ ರಾಣೆಬೆನ್ನೂರಿನ ಮತದಾರರನ್ನು ಕೇಳಬೇಕಾದ ಕಟ್ಟುಪಾಡು ಕಾನೂನಿನಲ್ಲಿ ಇರಲಿಲ್ಲ.

ಇಂಥದ್ದನ್ನು ತಡೆಯಲೆಂದೇ 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿಯಾಗಿ ಹತ್ತನೇ ಅನುಸೂಚಿ ಸೇರಿತು. ಜನರ ಬಾಯಲ್ಲಿ ಇದಕ್ಕೆ ಪಕ್ಷಾಂತರ ನಿಷೇಧ ಕಾಯ್ದೆ ಎಂದು ಹೆಸರು. ಗೆದ್ದ ಪಕ್ಷವನ್ನು ತಾನಾಗಿ ತೊರೆದ ಅಥವಾ ಅದರ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಕಟ್ಟಪ್ಪಣೆ, ಮೀರಿದ ಸದಸ್ಯ ಅನರ್ಹನಾಗುತ್ತಾನೆ. ಅದನ್ನು ತೀರ್ಮಾನಿಸುವವರು ಸ್ಪೀಕರ್. ಆ ತೀರ್ಮಾನ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದೆಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಎಷ್ಟು ದಿನದೊಳಗೆ ತೀರ್ಮಾನಿಸಬೇಕೆಂದು ಅನುಸೂಚಿ ಹೇಳುವುದಿಲ್ಲ, ಆ ಒಂದು ಮೌನದಲ್ಲೇ ಕಾಯ್ದೆಯ ಸತ್ವವೆಲ್ಲ ಸೋರಿಹೋಗುತ್ತದೆ.

ಇದಕ್ಕೆ ರಾಣೆಬೆನ್ನೂರಿಗಿಂತ ಚೊಕ್ಕ ಉದಾಹರಣೆ ಬೇಕಿಲ್ಲ. 2016ರ ಜೂನ್‌ನ ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡಮತದಾನ ಮಾಡಿದ ತನ್ನ ಏಳು ಶಾಸಕರನ್ನು ಅನರ್ಹಗೊಳಿಸಬೇಕೆಂದು ಜೆಡಿಎಸ್ ಕೊಟ್ಟ ದೂರು ಇದೇ ಕ್ಷೇತ್ರದ ಶಾಸಕರಾಗಿದ್ದ ಸ್ಪೀಕರ್ ಕೋಳಿವಾಡರ ಮುಂದಿತ್ತು. ವಿಧಾನಸಭೆಯ ಅವಧಿ ಮುಗಿಯುತ್ತ ಬಂದರೂ ತೀರ್ಮಾನ ಬರಲಿಲ್ಲ. 2018ರ ಮಾರ್ಚ್‌ನಲ್ಲಿ ಆ ಏಳೂ ಮಂದಿ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಮುಂದಿನ ಸ್ಪೀಕರ್ ರಮೇಶ್ ಕುಮಾರ್ 2019ರ ಜುಲೈ 25ರಂದು, ಮೈತ್ರಿ ಸರ್ಕಾರ 99–105 ಮತಗಳಿಂದ ವಿಶ್ವಾಸಮತ ಕಳೆದುಕೊಂಡ ಎರಡೇ ದಿನಕ್ಕೆ, ಶಂಕರ್ ಸೇರಿ ಮೂವರನ್ನು ಅನರ್ಹಗೊಳಿಸಿದರು. ಜುಲೈ 28ರಂದು ಇನ್ನೂ ಹದಿನಾಲ್ವರನ್ನು, ಅವರಲ್ಲಿ ಹಿರೇಕೆರೂರಿನ ಬಿ.ಸಿ. ಪಾಟೀಲರೂ ಒಬ್ಬರು. ಒಂದೇ ಕಾಯ್ದೆ ಒಮ್ಮೆ ಒಂದೂವರೆ ವರ್ಷ ತೆವಳಿತು, ಇನ್ನೊಮ್ಮೆ ಕೆಲವೇ ದಿನಗಳಲ್ಲಿ ಓಡಿತು. ಎರಡು ಸಲವೂ ವೇಗ ಸ್ಪೀಕರ್ ಅವರ ಪಕ್ಷದ ಅನುಕೂಲದ ದಿಕ್ಕಿಗೇ ಇತ್ತೆಂದು ಜನ ಭಾವಿಸಿದರೆ ಅವರನ್ನು ದೂರುವಂತಿಲ್ಲ.

2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಉಳಿದ ಅವಧಿಯುದ್ದಕ್ಕೂ ಅವರು ಸ್ಪರ್ಧಿಸಬಾರದೆಂದು ಸ್ಪೀಕರ್ ಹಾಕಿದ್ದ ನಿರ್ಬಂಧವನ್ನು ತೆಗೆದುಹಾಕಿತು. ತಪ್ಪು ಮಾಡಿದ್ದು ಹೌದು, ಶಿಕ್ಷೆಯನ್ನು ಜನರೇ ಕೊಡಲಿ ಎಂಬುದು ಒಟ್ಟು ಅರ್ಥ. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹಿರೇಕೆರೂರು ತನ್ನ ಹಳೆಯ ಶಾಸಕರನ್ನೇ ಹೊಸ ಪಕ್ಷದಿಂದ ಆರಿಸಿ ಕಳಿಸಿತು, ಅವರು ಕೃಷಿ ಸಚಿವರಾದರು. ರಾಣೆಬೆನ್ನೂರಿನಲ್ಲಿ ಬಿಜೆಪಿ ಶಂಕರ್‌ಗೆ ಟಿಕೆಟ್ ಕೊಡದೆ ಅರುಣಕುಮಾರ್ ಗುತ್ತೂರರನ್ನು ನಿಲ್ಲಿಸಿ ಗೆದ್ದಿತು. ಶಂಕರ್ 2020ರಲ್ಲಿ ವಿಧಾನ ಪರಿಷತ್ತಿಗೆ ಆಯ್ಕೆಯಾಗಿ 2021ರ ಜನವರಿಯಲ್ಲಿ ಮೂರನೇ ಸಲ ಸಚಿವರಾದರು. ಅನರ್ಹಗೊಂಡವನು ಮರುಚುನಾಯಿತನಾಗುವವರೆಗೆ ಸಚಿವನಾಗಬಾರದೆಂದು 2003ರ 91ನೇ ತಿದ್ದುಪಡಿ ಹೇಳುತ್ತದೆ, ನಿಜ. ಆದರೆ ಶಾಸಕರ ಮತದಿಂದ ಪರಿಷತ್ತಿಗೆ ಹೋಗುವುದೂ ಕಾನೂನಿನ ಕಣ್ಣಿಗೆ ಚುನಾವಣೆಯೇ. ಮತದಾರನ ಬಾಗಿಲಿಗೆ ಬಾರದೆ ಹಿಂಬಾಗಿಲಿನಿಂದ ಸಂಪುಟ ಸೇರಲು ಅಷ್ಟು ಸಾಕಾಯಿತು. ರಾಣೆಬೆನ್ನೂರಿನ ಮತದಾರರು ಇದರ ಬಗ್ಗೆ ತಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುವ ಅವಕಾಶ ಬಂದದ್ದು 2023ರಲ್ಲಿ. ಆಗ ಎನ್‌ಸಿಪಿಯಿಂದ ನಿಂತ ಶಂಕರ್ ಗೆಲ್ಲಲಿಲ್ಲ, ಹಿರೇಕೆರೂರಿನಲ್ಲಿ ಪಾಟೀಲರೂ ಸೋತರು. ಉತ್ತರವೇನೋ ಬಂತು, ಐದು ವರ್ಷಕ್ಕೆ.

ನ್ಯಾಯ ತಡವಾಗಿ ಬಂದರೂ ಬೇರೆಯವರಿಗೆ ಉಪಯೋಗವಾಗುವ ಸಂದರ್ಭಗಳಿವೆ. ಅದರ ದೊಡ್ಡ ನಿದರ್ಶನವೂ ಈ ಜಿಲ್ಲೆಯ ಮಣ್ಣಿನದೇ. ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದಿದ್ದಾರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲರು ವರದಿ ಕಳಿಸಿ, 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಬಹುಮತದ ಪರೀಕ್ಷೆ ನಡೆಯಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ತೀರ್ಪಿತ್ತಿತು. ಆ ಹೊತ್ತಿಗೆ ಕರ್ನಾಟಕದಲ್ಲಿ ಒಂದು ಚುನಾವಣೆ ಮುಗಿದು ಐದನೇ ವರ್ಷ ನಡೆಯುತ್ತಿತ್ತು, ಬೊಮ್ಮಾಯಿಯವರ ಕುರ್ಚಿ ಮರಳಿ ಬರುವ ಮಾತೇ ಇರಲಿಲ್ಲ. ಆದರೆ 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದ ಎರಡೇ ದಿನಕ್ಕೆ ಬಹುಮತ ಸಾಬೀತುಪಡಿಸಬೇಕೆಂದು ಕೋರ್ಟ್ ಹೇಳಲು ಸಾಧ್ಯವಾದದ್ದು ಆ ತೀರ್ಪಿನ ಬಲದಿಂದ.

ಉತ್ತರ ಹೊತ್ತಿಗೆ ಸರಿಯಾಗಿ ಬಂದದ್ದಕ್ಕೂ ಇಲ್ಲಿ ದಾಖಲೆಯಿದೆ, ಅದನ್ನು ಹೇಳದಿದ್ದರೆ ಚಿತ್ರ ವಕ್ರವಾಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸ ಆರಂಭಿಸಿದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು 1984ರಲ್ಲಿ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದರು. ಅವರ ಮೊದಲ ದೊಡ್ಡ ಹೋರಾಟ ಅದೇ ತಾಲ್ಲೂಕಿನ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ತುಂಗಭದ್ರೆಗೆ ಬಿಡುತ್ತಿದ್ದ ಕೊಳೆನೀರಿನ ವಿರುದ್ಧ. ಎರಡನೆಯದು, ಆ ಕಾರ್ಖಾನೆಗೆ ನೀಲಗಿರಿ ಒದಗಿಸಲು ಸರ್ಕಾರವೇ ಪಾಲುದಾರನಾಗಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಯ ವಿರುದ್ಧ. ದನ ಮೇಯಿಸಲು, ಸೌದೆ ಹುಲ್ಲು ತರಲು ಹಳ್ಳಿಗರು ಬಳಸುತ್ತಿದ್ದ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿ ಆ ಕಂಪನಿಗೆ ಹೋಗುವುದಿತ್ತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ 1987ರ ಮಾರ್ಚ್‌ನಲ್ಲೇ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಗರು ಕಂಪನಿಯ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೆಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು.

ಬ್ಯಾಡಗಿಯಲ್ಲಿ ಕಚೇರಿಗೆ ಬೆಂಕಿ ಹಚ್ಚಿದವರೂ ಕುಸನೂರಿನಲ್ಲಿ ಸಸಿ ಕಿತ್ತವರೂ ರೈತಾಪಿ ಜನವೇ. ಸಿಟ್ಟಿನಲ್ಲೂ ಹೆಚ್ಚು ಕಡಿಮೆ ಇರಲಿಲ್ಲ. ಆದರೆ ಕುಸನೂರಿನವರ ಕೈಯಲ್ಲಿ ತಡೆಯಾಜ್ಞೆಯಿತ್ತು, ಭೂಮಿ ಇನ್ನೂ ಪೂರ್ತಿ ಕೈಬಿಟ್ಟಿರಲಿಲ್ಲ, ಕಾನೂನು ತಮ್ಮ ಕಡೆಗಿದೆಯೆಂಬ ಧೈರ್ಯವಿತ್ತು, ಆದ್ದರಿಂದಲೇ ಮೊದಲೇ ಹೇಳಿ, ಹಗಲಿನಲ್ಲಿ, ಗುದ್ದಲಿ ಹಿಡಿದು ಹೋಗುವುದು ಅವರಿಗೆ ಸಾಧ್ಯವಾಯಿತು. ಇದೇ ಸಂಘಟನೆ ಮುಂದೆ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿಯೂ ಜೊತೆಗೂಡಿ, 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳು ನಿಂತವು, ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಲೋಕಾಯುಕ್ತಕ್ಕೆ ಅಂಥ ಶಕ್ತಿಯಿದೆಯೆಂದು ತಿಳಿದದ್ದೇ ಮುಂದಿನವರಿಗೆ ಕಸಿವಿಸಿಯಾಯಿತೇನೋ. 2016ರಲ್ಲಿ ಸಿದ್ದರಾಮಯ್ಯನವರ ಮೊದಲ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೆ ಸಂಸ್ಥೆಯನ್ನು ಸರ್ಕಾರದ ಅಧೀನದಲ್ಲಿ ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು, ನಂತರ ಬಂದ ಎರಡು ಪಕ್ಷಗಳ ಸರ್ಕಾರಗಳೂ ಅದನ್ನು ಹಾಗೆಯೇ ಇಟ್ಟುಕೊಂಡವು. ಹೈಕೋರ್ಟ್ ಆ ದಳವನ್ನು ರದ್ದುಪಡಿಸಿದ್ದು 2022ರ ಆಗಸ್ಟ್ 11ರಂದು.

ಪಕ್ಷಾಂತರದ ದೂರುಗಳನ್ನು ಸ್ಪೀಕರ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಸಾಧ್ಯವಾದರೆ ಈ ಕೆಲಸವನ್ನು ಸ್ವತಂತ್ರ ನ್ಯಾಯಮಂಡಳಿಗೆ ವಹಿಸುವ ಬಗ್ಗೆ ಸಂಸತ್ತು ಯೋಚಿಸಬೇಕು ಎಂದು ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ಹತ್ತನೇ ಅನುಸೂಚಿಯಲ್ಲಿ ಅವಧಿಯ ಮಾತು ಸೇರಿಸುವ ತಿದ್ದುಪಡಿಯನ್ನು ಸಂಸತ್ತು ಆ ಮೇಲೆ ತಂದಿಲ್ಲ. ಹಾಗೆ ನೋಡಿದರೆ ಜಾತಿ ಪ್ರಮಾಣಪತ್ರಕ್ಕೆ, ಪಹಣಿಗೆ ಇಷ್ಟು ದಿನದೊಳಗೆ ಕೊಡಲೇಬೇಕೆಂದು ಗಡುವು ಹಾಕಿ, ತಪ್ಪಿದರೆ ಅರ್ಜಿದಾರನಿಗೆ ದಿನದ ಲೆಕ್ಕದಲ್ಲಿ ಹಣ ಕೊಡಬೇಕೆನ್ನುವ ‘ಸಕಾಲ’ ಕಾಯ್ದೆ ಕರ್ನಾಟಕದಲ್ಲಿ 2012ರಿಂದ ಜಾರಿಯಲ್ಲಿದೆ. ಹಾವೇರಿಯ ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಇರುವ ಗಡುವು ವಿಧಾನಸಭೆಯ ಸ್ಪೀಕರ್‌ಗೆ, ವಿಚಾರಣಾ ಆಯೋಗಕ್ಕೆ, ಖರೀದಿ ಕೇಂದ್ರ ತೆರೆಯಬೇಕಾದ ಇಲಾಖೆಗೆ ಇನ್ನೂ ಇಲ್ಲ.